ಕರುಣೆ ಇಬ್ಬರಲ್ಲೂ ಇದ್ದಾಗ



ಸರಿ ತಪ್ಪುಗಳ ಮಾತು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ಶುರುವಾಗುವಷ್ಟು ಸುಲಭವಾಗಿ ಮುಂದುವರಿಯುವುದಿಲ್ಲ. ಸ್ವಲ್ಪ ಕಾವೇರುತ್ತಿದ್ದಂತೆ ಯಾರೋ ಒಬ್ಬರು ‘ಬಿಡಿ, ಅವರವರ ಅಭಿಪ್ರಾಯ ಅವರವರಿಗೆ’ ಎಂದು ತೆರೆ ಎಳೆದುಬಿಡುತ್ತಾರೆ. ಇನ್ನೊಬ್ಬರು ‘ಇದರಲ್ಲಿ ಯೋಚನೆ ಮಾಡೋದು ಏನಿದೆ? ಮನುಷ್ಯತ್ವ ಇದ್ದವರಿಗೆ ತಾನಾಗಿ ಗೊತ್ತಾಗುತ್ತೆ’ ಅನ್ನುತ್ತಾರೆ. ಉತ್ತರವೇ ಇಲ್ಲ ಎಂದು ಒಬ್ಬರು, ಉತ್ತರ ಅಂಗೈಯಲ್ಲೇ ಇದೆ ಎಂದು ಇನ್ನೊಬ್ಬರು. ಎರಡರಿಂದಲೂ ಆಗುವ ಅನುಕೂಲ ಒಂದೇ: ಯೋಚಿಸುವ ಕೆಲಸ ತಪ್ಪುತ್ತದೆ.

ಮೊದಲನೆಯ ಮಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನನಗೆ ಹಾಗಲಕಾಯಿ ಗೊಜ್ಜು ಇಷ್ಟ ಎಂದರೆ ಯಾರೂ ಕಾರಣ ಕೇಳುವುದಿಲ್ಲ. ವಯಸ್ಸಾದ ತಾಯಿಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟುಬಂದದ್ದು ಸರಿ ಎಂದರೆ ಕೇಳುತ್ತಾರೆ, ಕೇಳಲೇಬೇಕು. ಕಾರಣ ಕೊಡಬೇಕಾಗಿ ಬರುವ ಮಾತು ಬರೀ ರುಚಿಯ ಮಾತಲ್ಲ. ಕಷ್ಟವಿರುವುದು ಎರಡನೆಯದರಲ್ಲಿ. ಮನುಷ್ಯತ್ವ ಇದ್ದವರಿಗೆ ತಾನಾಗಿ ಗೊತ್ತಾಗುವುದಾದರೆ, ಮನುಷ್ಯತ್ವದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲದವರು ಎದುರುಬದುರು ನಿಂತಾಗ ಏನು ಮಾಡಬೇಕು? ಹಾಗೆ ನಿಂತ ಒಂದು ಪ್ರಸಂಗ ನಮ್ಮ ಕಾಲದಲ್ಲೇ ನಡೆದಿದೆ. ನ್ಯಾಯಾಲಯದ ಕಡತದಲ್ಲಿ ದಾಖಲಾಗಿದೆ. ಇವತ್ತಿನ ಮಾತೆಲ್ಲ ಅದನ್ನೇ ಹಿಡಿದು.

ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ ಅರುಣಾ ಶಾನಭಾಗ. ಮುಂಬಯಿಗೆ ಹೋಗಿ ನರ್ಸ್ ಆದರು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ. 1973ರ ನವೆಂಬರ್ 27ರ ಸಂಜೆ, ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಲೈಂಗಿಕ ದೌರ್ಜನ್ಯ ನಡೆಸಿದ. ಮಿದುಳಿಗೆ ಹೋಗಬೇಕಾದ ಆಮ್ಲಜನಕ ನಿಂತುಹೋಯಿತು. ಮರುದಿನ ಬೆಳಿಗ್ಗೆ ಅವರನ್ನು ಕಂಡವರು ಕಂಡದ್ದು ಜೀವವಿರುವ, ಆದರೆ ಮತ್ತೆಂದೂ ಮಾತಾಡದ ಅರುಣಾರನ್ನು. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೂ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಅವರ ಬಗ್ಗೆ 1998ರಲ್ಲಿ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಈಕೆಯದು ಬದುಕೆಂದು ಹೇಳಲಾಗದ ಸ್ಥಿತಿ, ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಹೋಗಲು ಬಿಡಬೇಕು ಎಂಬುದು ಬೇಡಿಕೆ. ಅದನ್ನು ವಿರೋಧಿಸಿದವರು ಆಸ್ಪತ್ರೆಯ ನರ್ಸುಗಳು, ವೈದ್ಯರು. ಅಷ್ಟೂ ವರ್ಷ ಆಕೆಗೆ ಒಂದು ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡವರು ಅವರು. ರೋಗಿಯನ್ನು ಮಗ್ಗುಲು ಬದಲಿಸಿ, ಒರೆಸಿ, ಮಲಗಿಸಿ ಗೊತ್ತಿರುವವರಿಗೆ ಇದು ಎಂಥ ಸಾಧನೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಸಿಗೆ ತೆರವು ಮಾಡಲೆಂದು ಅರುಣಾರನ್ನು ಬೇರೆಡೆಗೆ ಸಾಗಿಸಲು ಮುಂಬಯಿ ಮಹಾನಗರಪಾಲಿಕೆ ಹಿಂದೊಮ್ಮೆ ಹೊರಟಾಗ ಪ್ರತಿಭಟಿಸಿ ನಿಲ್ಲಿಸಿದವರೂ ಈ ನರ್ಸುಗಳೇ.

ಇಬ್ಬರಲ್ಲಿ ಕರುಣೆ ಇಲ್ಲದವರು ಯಾರು? ಅರ್ಜಿದಾರರಿಗೆ ಆಸ್ತಿಯ ಆಸೆಯಿಲ್ಲ, ನರ್ಸುಗಳಿಗೆ ಬಡ್ತಿಯ ಆಸೆಯಿಲ್ಲ. ಒಬ್ಬರ ಕರುಣೆ ‘ಸಾಕು’ ಎನ್ನುತ್ತದೆ, ಇನ್ನೊಬ್ಬರ ಕರುಣೆ ‘ಬೇಡ’ ಎನ್ನುತ್ತದೆ. ಎದೆಯನ್ನು ಕೇಳಿ ಎಂದರೆ ಎರಡೂ ಎದೆಗಳು ಪ್ರಾಮಾಣಿಕವಾಗಿ ಬೇರೆಬೇರೆ ಮಾತಾಡುತ್ತವೆ. ತರ್ಕ ಬೇಕಾಗುವುದು ಇಲ್ಲಿ. ತರ್ಕ ಎಂದರೆ ಭಾವನೆಯನ್ನು ಹೊರಗಟ್ಟಿ ಲೆಕ್ಕ ಹಾಕುವುದು ಎಂದು ತಿಳಿದವರಿದ್ದಾರೆ. ಹಾಗಲ್ಲ. ಒಂದೇ ಪ್ರಶ್ನೆಯೆಂದು ನಾವು ತಿಳಿದದ್ದರೊಳಗೆ ನಿಜವಾಗಿ ಎಷ್ಟು ಪ್ರಶ್ನೆಗಳು ಸಿಕ್ಕಿಕೊಂಡಿವೆ, ನಮ್ಮ ಎದೆ ಯಾವುದಕ್ಕೆ ಮಿಡಿಯುತ್ತಿದೆ ಎಂದು ನೋಡುವುದು.

ಮೊದಲು ಸಿಟ್ಟನ್ನೇ ತೆಗೆದುಕೊಳ್ಳಿ. ದೌರ್ಜನ್ಯ ನಡೆಸಿದ ಆ ನೌಕರನ ಮೇಲೆ ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ. ಹಲ್ಲೆ, ದರೋಡೆಗೆ ಏಳು ವರ್ಷ ಶಿಕ್ಷೆಯಾಯಿತು. ಮುಗಿಸಿ ಹೊರಗೆ ಬಂದ. ಇದನ್ನು ಕೇಳಿ ರಕ್ತ ಕುದಿಯದಿದ್ದರೆ ನಮ್ಮಲ್ಲೇ ಏನೋ ಕೆಟ್ಟಿದೆ ಎಂದರ್ಥ. ಆದರೆ ಆ ಸಿಟ್ಟು ಹೇಳದೆ ಕೇಳದೆ ಬಂದು ಇನ್ನೊಂದು ಪ್ರಶ್ನೆಯ ಮೇಲೆ ಕೂತುಬಿಡುತ್ತದೆ. ‘ಇಷ್ಟು ಅನುಭವಿಸಿದ್ದು ಸಾಲದೇ? ಬಿಡುಗಡೆ ಮಾಡಿ’ ಅನ್ನುವವರ ಮಾತಿನಲ್ಲಿ ಅದಿದೆ. ‘ಈಗ ಸಾಯಲು ಬಿಟ್ಟರೆ ಅವನೇ ಗೆದ್ದ ಹಾಗಲ್ಲವೇ’ ಅನ್ನುವವರ ಮಾತಿನಲ್ಲೂ ಅದಿದೆ. ಎರಡೂ 1973ಕ್ಕೆ ಕೊಟ್ಟ ಉತ್ತರಗಳು. ಕೋರ್ಟಿನ ಮುಂದಿದ್ದದ್ದು 2011ರಲ್ಲಿ ಹಾಸಿಗೆಯ ಮೇಲಿದ್ದ ಒಬ್ಬ ಹೆಂಗಸಿಗೆ ನಾಳೆ ಬೆಳಿಗ್ಗೆ ಊಟ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ. ಆತನಿಗೆ ಗಲ್ಲಾಗಿದ್ದರೂ ಆ ಪ್ರಶ್ನೆ ಇದ್ದಲ್ಲೇ ಇರುತ್ತಿತ್ತು.

ಆಮೇಲೆ ವಸ್ತುಸ್ಥಿತಿ. ‘ಹೀಗಿದೆ’ ಎಂಬುದರಿಂದ ‘ಹೀಗೆ ಮಾಡಬೇಕು’ ಎಂಬುದು ತಾನಾಗಿ ಹುಟ್ಟುವುದಿಲ್ಲ ಎಂದು ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲೇ ಎಚ್ಚರಿಸಿದ್ದ. ಸರಿಯೇ. ಆದರೆ ‘ಹೇಗಿದೆ’ ಎಂದು ನೋಡದೆ ‘ಏನು ಮಾಡಬೇಕು’ ಎಂದು ಹೇಳಹೊರಡುವುದು ಇನ್ನೂ ದೊಡ್ಡ ಅಪಾಯ. ಕೋರ್ಟು 2011ರ ಜನವರಿಯಲ್ಲಿ ಮೂವರು ವೈದ್ಯರ ತಂಡವನ್ನು ನೇಮಿಸಿತು. ಅವರು ಹೋಗಿ ಪರೀಕ್ಷಿಸಿ ವರದಿ ಕೊಟ್ಟರು: ಮಿದುಳು ಪೂರ್ತಿ ಸತ್ತಿಲ್ಲ, ಉಸಿರಾಟಕ್ಕೆ ಯಂತ್ರ ಬೇಕಿಲ್ಲ, ಶಾಶ್ವತ ಅರಿವಿಲ್ಲದ ಸ್ಥಿತಿಯ ಬಹುಪಾಲು ಲಕ್ಷಣಗಳಿವೆ.

ಈ ವರದಿ ಇಬ್ಬರಿಗೂ ಅನುಕೂಲವಾಗಿರಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ. ಹೊರಗೆ ಪತ್ರಿಕೆಗಳಲ್ಲಿ, ಮನೆಮನೆಗಳಲ್ಲಿ ಚರ್ಚೆ ಹೇಗಿತ್ತು ನೆನಪು ಮಾಡಿಕೊಳ್ಳಿ. ಅರ್ಜಿಯ ಪರವಾಗಿದ್ದವರು ‘ಆಕೆಗೆ ಏನೂ ತಿಳಿಯುವುದಿಲ್ಲ’ ಎಂದು ಹೇಳಿ, ಅದೇ ಉಸಿರಿನಲ್ಲಿ ‘ಎಷ್ಟು ನರಳಿಸುತ್ತೀರಿ’ ಎಂದೂ ಕೇಳುತ್ತಿದ್ದರು. ಏನೂ ತಿಳಿಯದಿದ್ದರೆ ನರಳಾಟ ಯಾರದು? ಇತ್ತ ವಿರೋಧಿಸಿದವರು ‘ಆಕೆಗೆ ಮೀನು ಇಷ್ಟ, ಹಾಡು ಇಷ್ಟ’ ಎಂದು ಹೇಳಿ, ಆಮೇಲೆ ‘ಆಕೆಗೆ ನೋವೇನೂ ಇಲ್ಲ’ ಎಂದು ಸಮಾಧಾನ ಹೇಳುತ್ತಿದ್ದರು. ಮೀನಿನ ರುಚಿ ತಿಳಿಯುವವರಿಗೆ ನೋವು ತಿಳಿಯುವುದಿಲ್ಲವೇ? ತನಗೆ ಬೇಕಾದಾಗ ಅರಿವನ್ನು ಇಟ್ಟುಕೊಂಡು ಬೇಡವಾದಾಗ ತೆಗೆದುಹಾಕುವ ಈ ಚಾಳಿ ಸುಳ್ಳು ಹೇಳುವವರದಲ್ಲ. ಒಳ್ಳೆಯವರು, ತಮಗೆ ಗೊತ್ತಿಲ್ಲದೆಯೇ, ಉತ್ತರ ಮೊದಲು ನಿರ್ಧರಿಸಿಕೊಂಡು ಕಾರಣಗಳನ್ನು ಆಮೇಲೆ ಕೂಡಿಸಿದಾಗ ಹೀಗಾಗುತ್ತದೆ. ಬೇರೆಯವರಲ್ಲಿ ಇದನ್ನು ಹಿಡಿಯುವುದು ಸುಲಭ. ತನ್ನ ಪಕ್ಷದ ವಾದದಲ್ಲಿ ಹಿಡಿಯುವುದಕ್ಕೆ ಅಭ್ಯಾಸ ಬೇಕು.

ಮುಂದಿನ ಪ್ರಶ್ನೆ ಅಧಿಕಾರದ್ದು. ಏನು ಮಾಡಬೇಕು ಎಂಬುದು ಒಂದು, ಅದನ್ನು ಹೇಳುವ ಹಕ್ಕು ಯಾರಿಗಿದೆ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿದ ಅತ್ಯಂತ ಹರಿತವಾದ ಪ್ರಶ್ನೆ ನಮ್ಮ ಮಹಾಭಾರತದಲ್ಲೇ ಇದೆ. ಜೂಜಿನ ಸಭೆಗೆ ಎಳೆಸಿಕೊಂಡು ಬಂದ ದ್ರೌಪದಿ ‘ಇದು ಅನ್ಯಾಯ’ ಎಂದು ಅತ್ತು ಸುಮ್ಮನಾಗಲಿಲ್ಲ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿದಳು. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕೆ ಇಡುವ ಅಧಿಕಾರ ಎಲ್ಲಿಂದ ಬಂತು? ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡ. ಉತ್ತರಿಸುವ ಧೈರ್ಯ ಮಾಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಧರ್ಮಸೂಕ್ಷ್ಮದ ಹೆಸರು ಹೇಳಿ ಜಾರಿಕೊಳ್ಳುವ ಭೀಷ್ಮರು ನಮ್ಮ ನಡುವೆ ಇವತ್ತಿಗೂ ಕಡಿಮೆಯಿಲ್ಲ, ಅದಿರಲಿ.

ಅರುಣಾರ ಪರವಾಗಿ ಮಾತಾಡುವವರು ಯಾರು? 2011ರ ಮಾರ್ಚ್ 7ರಂದು ತೀರ್ಪು ಬಂತು. ನ್ಯಾಯಮೂರ್ತಿಗಳು ಮಾರ್ಕಂಡೇಯ ಕಟ್ಜು ಮತ್ತು ಜ್ಞಾನ್ ಸುಧಾ ಮಿಶ್ರಾ. ಗಾಲಿಬನ ಒಂದು ಶೇರ್‌ನಿಂದ ಶುರುವಾಗುವ ಆ ತೀರ್ಪು, ಪಿಂಕಿ ವಿರಾನಿಯವರ ಕಾಳಜಿಯನ್ನು ಮೆಚ್ಚಿಕೊಂಡೇ, ಆಕೆಯ ನಿಜವಾದ ಆಪ್ತರು ಆಸ್ಪತ್ರೆಯ ಸಿಬ್ಬಂದಿಯೇ ಎಂದಿತು. ಅವರಿಗೆ ಆಕೆ ಬದುಕಬೇಕು ಎಂದಿದೆ, ಆದ್ದರಿಂದ ಅರ್ಜಿ ವಜಾ. ಮುಂದೆ ಎಂದಾದರೂ ಸಿಬ್ಬಂದಿ ಮನಸ್ಸು ಬದಲಿಸಿದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು ಎಂದೂ ಸೇರಿಸಿತು.

ಇದನ್ನು ಓದಿದ ಯಾರಿಗಾದರೂ ಮನಸ್ಸು ತುಂಬಿ ಬರುತ್ತದೆ. ಆದರೆ ಆ ಕೊನೆಯ ಮಾತನ್ನು ಇನ್ನೊಮ್ಮೆ ನೋಡಿ. ಸಿಬ್ಬಂದಿ ಮನಸ್ಸು ಬದಲಿಸಿದರೆ! ಅರುಣಾರ ಸ್ಥಿತಿ ಬದಲಾಗಬೇಕಿಲ್ಲ, ಆಕೆಯ ಇಷ್ಟ ಏನಿತ್ತು ಎಂಬ ಹೊಸ ಸಂಗತಿ ಸಿಗಬೇಕಿಲ್ಲ, ನೋಡಿಕೊಳ್ಳುವವರ ಮನಸ್ಸು ಬದಲಾದರೆ ಸಾಕು, ಪ್ರಶ್ನೆಯನ್ನು ಮತ್ತೆ ತೆರೆಯಬಹುದು. ಹಾಗಿದ್ದರೆ ತೀರ್ಪು ನಿಂತದ್ದು ಆಕೆಯ ಹಿತದ ಮೇಲೋ, ಆಕೆಯನ್ನು ಪ್ರೀತಿಸುವವರ ಇಚ್ಛೆಯ ಮೇಲೋ? ಇಬ್ಬರ ಜಾಗವನ್ನು ಅದಲುಬದಲು ಮಾಡಿ ನೋಡುವ ಒಂದು ಹಳೆಯ ಉಪಾಯವಿದೆ. ನರ್ಸುಗಳು ‘ಸಾಕು, ನಿಲ್ಲಿಸೋಣ’ ಎಂದು, ಪಿಂಕಿ ವಿರಾನಿ ‘ಬೇಡ, ಮುಂದುವರಿಸಿ’ ಎಂದು ವಾದಿಸಿದ್ದರೆ ನಾವು ಇದೇ ಸುಲಭದಲ್ಲಿ ನರ್ಸುಗಳ ಮಾತೇ ಕೊನೆ ಎನ್ನುತ್ತಿದ್ದೆವೇ? ಹಿಂಜರಿಯುತ್ತಿದ್ದೆವು ಎಂದಾದರೆ, ನಮ್ಮನ್ನು ಒಪ್ಪಿಸಿದ್ದು ನರ್ಸುಗಳ ಅಧಿಕಾರವಲ್ಲ, ಅವರು ಕೊಟ್ಟ ಉತ್ತರ. ಹಗಲಿರುಳು ಕೈಯಾರೆ ನೋಡಿಕೊಂಡವರ ಮಾತಿಗೆ ತೂಕ ಇಲ್ಲವೆಂದಲ್ಲ. ಆಕೆ ಹೇಗಿದ್ದಾರೆ ಎಂದು ಹೇಳಲು ಅವರಷ್ಟು ಅರ್ಹರು ಬೇರೆ ಇಲ್ಲ. ಆಕೆಗೆ ಏನು ಬೇಕಿತ್ತು ಎಂದು ಹೇಳಲು ಆ ಅರ್ಹತೆ ಸಾಕೇ? 2011ರ ಹೊತ್ತಿಗೆ ಅಲ್ಲಿದ್ದ ಎಳೆಯ ನರ್ಸುಗಳು ಅರುಣಾರ ಒಂದು ಮಾತನ್ನೂ ಕೇಳಿದವರಲ್ಲ.

ಇನ್ನು ಎಲ್ಲಕ್ಕಿಂತ ಜಟಿಲವಾದ ಗಂಟು. ಕೋರ್ಟು ಅರ್ಜಿಯನ್ನು ತಳ್ಳಿಹಾಕಿದರೂ ಅದೇ ತೀರ್ಪಿನಲ್ಲಿ ಒಂದು ಹೊಸ ದಾರಿ ತೆರೆಯಿತು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಅಪರಾಧ, ಆದರೆ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ಹಿಂತೆಗೆದುಕೊಳ್ಳಬಹುದು ಎಂದಿತು. ಸಾಯಿಸುವುದು ಬೇರೆ, ಸಾಯಲು ಬಿಡುವುದು ಬೇರೆ ಎಂಬ ಗೆರೆ. ನಮ್ಮಲ್ಲಿ ಹೆಚ್ಚಿನವರು ತಲೆಯಾಡಿಸುವ ಗೆರೆ ಇದು. ಅದು ಎಷ್ಟು ಗಟ್ಟಿ?

ಅಮೆರಿಕದ ದಾರ್ಶನಿಕ ಜೇಮ್ಸ್ ರೇಚಲ್ಸ್ 1975ರಲ್ಲಿ, ವೈದ್ಯರೇ ಓದುವ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ, ಈ ಗೆರೆಯನ್ನು ಒಂದು ಕಲ್ಪಿತ ಜೋಡಿಯಿಂದ ಪರೀಕ್ಷಿಸಿದ. ಆರು ವರ್ಷದ ಹುಡುಗ ಸತ್ತರೆ ಆಸ್ತಿ ತನಗೆ ಬರುತ್ತದೆಂದು ಸ್ಮಿತ್ ಎಂಬವನು ಸ್ನಾನದ ತೊಟ್ಟಿಯಲ್ಲಿ ಹುಡುಗನನ್ನು ಮುಳುಗಿಸಿ ಕೊಲ್ಲುತ್ತಾನೆ. ಜೋನ್ಸ್ ಎಂಬವನೂ ಅದೇ ಆಸೆಯಿಂದ ಅದೇ ಉದ್ದೇಶ ಇಟ್ಟುಕೊಂಡು ಬರುತ್ತಾನೆ. ಆದರೆ ಅವನು ಬರುವ ಹೊತ್ತಿಗೆ ಹುಡುಗ ತಾನೇ ಜಾರಿ, ತಲೆಗೆ ಪೆಟ್ಟಾಗಿ ನೀರಿಗೆ ಮುಖ ಕೆಳಗಾಗಿ ಬಿದ್ದಿದ್ದಾನೆ. ಜೋನ್ಸ್ ಕೈ ಕಟ್ಟಿಕೊಂಡು ನೋಡುತ್ತ ನಿಲ್ಲುತ್ತಾನೆ. ಒಬ್ಬ ಕೊಂದ, ಇನ್ನೊಬ್ಬ ಸಾಯಲು ಬಿಟ್ಟ. ಜೋನ್ಸ್ ಸ್ವಲ್ಪವಾದರೂ ಮೇಲು ಎಂದು ಹೇಳಲು ನಾಲಿಗೆ ಏಳುತ್ತದೆಯೇ? ಇಲ್ಲ. ಹಾಗಾದರೆ ಕೊಲ್ಲುವುದಕ್ಕೂ ಬಿಡುವುದಕ್ಕೂ ಬರೀ ಅಷ್ಟರಿಂದಲೇ ನೈತಿಕವಾದ ಅಂತರ ಇಲ್ಲ ಎಂಬುದು ರೇಚಲ್ಸ್‌ನ ವಾದ. ಸಾವೇ ಲೇಸು ಎಂದು ತೀರ್ಮಾನವಾದ ಮೇಲೆ, ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವುದನ್ನು ವಾರಗಟ್ಟಲೆ ಒಣಗಿಸಿ ಮುಗಿಸುವುದು ಯಾವ ದಯೆ ಎಂದು ಅವನು ಕೇಳುತ್ತಾನೆ.

ಇಂಥ ಕಲ್ಪಿತ ಕಥೆಗಳನ್ನು ಕೇಳಿದಾಗ ‘ಇದೆಲ್ಲ ಎಲ್ಲಿ ನಡೆಯುತ್ತೆ ಸ್ವಾಮಿ’ ಎಂದು ತಳ್ಳಿಹಾಕುವುದು ನಮ್ಮ ರೂಢಿ. ಆದರೆ ಉಳಿದದ್ದೆಲ್ಲ ಒಂದೇ ಇರುವಂತೆ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು ಪ್ರಯೋಗಶಾಲೆಯಲ್ಲಿ ಸರಿಯಾದರೆ ಇಲ್ಲೂ ಸರಿಯೇ. ಆಕ್ಷೇಪಿಸಬೇಕಾದ್ದು ಕಥೆಯನ್ನಲ್ಲ, ಅದರಿಂದ ಎಳೆದ ತೀರ್ಮಾನವನ್ನು. ಸ್ಮಿತ್ ಜೋನ್ಸ್ ಇಬ್ಬರೂ ದುರಾಸೆಯ ಕೊಲೆಗಡುಕರು. ಆ ದುಷ್ಟತನವೇ ಇಡೀ ಚಿತ್ರವನ್ನು ತುಂಬಿಕೊಂಡು ಸಣ್ಣ ಅಂತರವೊಂದನ್ನು ಮುಚ್ಚಿರಬಹುದಲ್ಲ? ಒಂದು ಜೋಡಿಯಲ್ಲಿ ಕಾಣಿಸದ ವ್ಯತ್ಯಾಸ ಎಲ್ಲ ಜೋಡಿಯಲ್ಲೂ ಇಲ್ಲ ಎನ್ನಲಾಗದು. ನನಗೆ ರೇಚಲ್ಸ್ ಅರ್ಧ ಗೆದ್ದಂತೆ ಕಾಣುತ್ತಾನೆ. ಗೆರೆ ಇಲ್ಲವೆಂದು ಅವನು ಸಾಧಿಸಲಿಲ್ಲ. ಗೆರೆಯನ್ನು ತೋರಿಸಿ ಕೈತೊಳೆದುಕೊಳ್ಳುವ ಸೌಕರ್ಯವನ್ನು ಮಾತ್ರ ಕಿತ್ತುಕೊಂಡ.

ಆ ಸೌಕರ್ಯ ಹೋದಾಗ ಆಗುವ ಇರಿಸುಮುರಿಸು ಬ್ರಿಟನ್ನಿನ ನ್ಯಾಯಾಧೀಶರಲ್ಲೂ ಕಾಣಿಸಿತು. 1989ರ ಹಿಲ್ಸ್‌ಬರೊ ಫುಟ್ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಸಿಕ್ಕಿ ಅರಿವು ಕಳೆದುಕೊಂಡ ಟೋನಿ ಬ್ಲಾಂಡ್ ಎಂಬ ಹುಡುಗನ ಆಹಾರದ ನಳಿಕೆ ತೆಗೆಯಬಹುದು ಎಂದು 1993ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಳಿಕೆಯಿಂದ ಆಹಾರ ಕೊಡುವುದೂ ಚಿಕಿತ್ಸೆಯೇ ಎಂಬುದು ಅದಕ್ಕೆ ಆಧಾರ. ಆ ತೀರ್ಪು ಕೊಟ್ಟವರಲ್ಲಿ ಒಬ್ಬರಾದ ಲಾರ್ಡ್ ಬ್ರೌನ್-ವಿಲ್ಕಿನ್ಸನ್, ವಾರಗಟ್ಟಲೆ ಆಹಾರವಿಲ್ಲದೆ ಸಾಯಲು ಬಿಡುವುದು ಕಾನೂನುಬದ್ಧ, ಚುಚ್ಚುಮದ್ದಿನಿಂದ ಕ್ಷಣದಲ್ಲಿ ಮುಗಿಸುವುದು ಕಾನೂನುಬಾಹಿರ ಎಂಬುದಕ್ಕೆ ನೈತಿಕ ಉತ್ತರ ಕೊಡುವುದು ತಮಗೆ ಕಷ್ಟ ಎಂದು ತೀರ್ಪಿನಲ್ಲೇ ಒಪ್ಪಿಕೊಂಡರು. ತೀರ್ಪು ಕೊಡುತ್ತಲೇ ಅದರ ಬಿರುಕನ್ನು ತೋರಿಸುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಈಗ ಅರುಣಾರ ಕಡೆ ಮತ್ತೆ ನೋಡಿ. ಅಲ್ಲಿ ವೆಂಟಿಲೇಟರ್ ಇರಲಿಲ್ಲ, ಆರಿಸಬೇಕಾದ ಗುಂಡಿ ಇರಲಿಲ್ಲ. ಬಹುಕಾಲ ಅವರು ಬದುಕಿದ್ದು ಬಾಯಿಗೆ ಇಟ್ಟ ಮೆತ್ತನೆಯ ಅನ್ನದಿಂದ. ಮೂಗಿನ ನಳಿಕೆ ಬಂದದ್ದು ಕೊನೆಕೊನೆಗೆ, 2010ರಲ್ಲಿ ಜ್ವರ ಬಂದ ಮೇಲೆ. ನಳಿಕೆ ಚಿಕಿತ್ಸೆಯಾದರೆ ತುತ್ತೂ ಚಿಕಿತ್ಸೆಯೇ? ತುತ್ತು ನಿಲ್ಲಿಸುವುದು ‘ಸಾಯಲು ಬಿಡುವುದು’ ಆಗುತ್ತದೆಯೇ? ಎಳೆ ಮಗುವಿಗೆ ತುತ್ತು ನಿಲ್ಲಿಸಿದರೆ ಅದನ್ನು ನಾವು ಕೊಲೆ ಅನ್ನುತ್ತೇವೆ. ಗೆರೆ ಇದೆ ಎನ್ನುವವರು ಈ ತುತ್ತನ್ನು ಯಾವ ಕಡೆಗೆ ಇಡುತ್ತಾರೆ ಎಂದು ಹೇಳಬೇಕು.

ಕರ್ನಾಟಕದವರಾದ ನಾವು ಇನ್ನೊಂದು ಪರೀಕ್ಷೆಗೂ ಒಳಗಾಗಬೇಕಾಗುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟ ಹತ್ತಿದವರು ಬಂಡೆಯ ಮೇಲಿನ ಶಾಸನಗಳನ್ನು ನೋಡಿರುತ್ತೀರಿ. ಆಹಾರ ತ್ಯಜಿಸಿ ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು, ಸುಮಾರು ಏಳನೆಯ ಶತಮಾನದಿಂದ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೆಯ ಇಂದ್ರ 982ರಲ್ಲಿ ಅಲ್ಲೇ ಹಾಗೆ ತೀರಿಕೊಂಡ. ಗಂಗ ದೊರೆ ಮಾರಸಿಂಹ ಅದಕ್ಕೂ ಸ್ವಲ್ಪ ಮೊದಲು ಬಂಕಾಪುರದಲ್ಲಿ. ಜೈನರಲ್ಲದವರೂ ಆ ಕಲ್ಲುಗಳ ಮುಂದೆ ಕೈಮುಗಿಯುತ್ತೇವೆ. ಅರುಣಾ ತೀರಿಕೊಂಡ 2015ರಲ್ಲೇ, ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ವ್ರತ ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಬೆಟ್ಟದ ಮೇಲೆ ಕೈಮುಗಿದವರು ಆಸ್ಪತ್ರೆಯಲ್ಲಿ ‘ಆಹಾರ ನಿಲ್ಲಿಸುವುದು ಪಾಪ’ ಎಂದರೆ, ಇವೆರಡರ ನಡುವೆ ಏನು ವ್ಯತ್ಯಾಸ ಎಂದು ಕೇಳುವ ಹಕ್ಕು ಎದುರಿನವರಿಗಿದೆ. ‘ಅದು ಧರ್ಮ, ಇದು ಅಲ್ಲ’ ಎಂಬುದು ಉತ್ತರವಲ್ಲ, ಪ್ರಶ್ನೆಯನ್ನೇ ತಿರುಗಿಸಿ ಹೇಳಿದ್ದು. ನಿಜವಾದ ಉತ್ತರ ಜೈನರೇ ಕೊಟ್ಟಿದ್ದಾರೆ. ಪರಿಹಾರವಿಲ್ಲದ ಆಪತ್ತು, ಬರ, ಮುಪ್ಪು, ರೋಗ ಬಂದಾಗ ಮಾತ್ರ ಎಂದು ಆಚಾರ್ಯ ಸಮಂತಭದ್ರರು ಷರತ್ತು ಹಾಕಿದರು. ತತ್ತ್ವಾರ್ಥಸೂತ್ರ ಎಂಬ ಜೈನ ಗ್ರಂಥವಂತೂ ವ್ರತ ಕೆಡಿಸುವ ಐದು ದೋಷಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಅವುಗಳಲ್ಲಿ ಒಂದು, ಸಾಯಬೇಕೆಂಬ ಆಸೆಯೂ ಒಂದು! ಸಾವನ್ನು ಬಯಸಿ ಉಪವಾಸ ಕೂತರೆ ಅದು ಸಲ್ಲೇಖನವೇ ಅಲ್ಲ. ಉದ್ದೇಶ ಮತ್ತು ಪರಿಣಾಮಗಳನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದವರು ನಮ್ಮ ನೆಲದಲ್ಲೇ ಇದ್ದರು. ನಾವು ಕೈಮುಗಿದು ಇಳಿದು ಬಂದೆವು, ವಾದವನ್ನು ಅಲ್ಲೇ ಬಿಟ್ಟು ಬಂದೆವು.

ಸಲ್ಲೇಖನಕ್ಕೂ ಅರುಣಾರ ಪ್ರಸಂಗಕ್ಕೂ ಇರುವ ದೊಡ್ಡ ಅಂತರ, ವ್ರತಿಯ ಸ್ವಂತ ಸಂಕಲ್ಪ. ಈ ಅಂತರವನ್ನು ಒಪ್ಪಿದೆವೆನ್ನಿ, ಅದು ನಮ್ಮನ್ನು ಮುಂದಕ್ಕೂ ಎಳೆಯುತ್ತದೆ. ಸ್ವಂತ ಸಂಕಲ್ಪವೇ ಮುಖ್ಯವಾದರೆ, ಬುದ್ಧಿ ನೆಟ್ಟಗಿರುವಾಗಲೇ ‘ನನಗೆ ಹೀಗಾದರೆ ನಳಿಕೆ ಬೇಡ’ ಎಂದು ಬರೆದಿಟ್ಟವರ ಮಾತನ್ನು ಯಾವ ಬಾಯಿಂದ ಬೇಡ ಅನ್ನುತ್ತೀರಿ? ಒಂದು ಪ್ರಶ್ನೆಗೆ ಕೊಟ್ಟ ಕಾರಣ ಇನ್ನೊಂದು ಪ್ರಶ್ನೆಯಲ್ಲಿ ನಮಗೆ ಬೇಡವಾದ ಉತ್ತರ ಕೊಟ್ಟಾಗ, ಒಂದೋ ಆ ಉತ್ತರ ಒಪ್ಪಬೇಕು, ಇಲ್ಲವೇ ಕಾರಣವನ್ನು ಕೈಬಿಡಬೇಕು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾಣತನ ಇಲ್ಲಿ ನಡೆಯುವುದಿಲ್ಲ.

‘ಇವತ್ತು ಇದಕ್ಕೆ ಒಪ್ಪಿದರೆ ನಾಳೆ ಬೇಡವಾದ ಮುದುಕರನ್ನೆಲ್ಲ ಮುಗಿಸುತ್ತಾರೆ’ ಎಂಬ ವಾದವನ್ನು ನೀವು ಖಂಡಿತ ಕೇಳಿರುತ್ತೀರಿ. ಇದನ್ನು ಹೆದರಿಕೆಯ ಮಾತೆಂದು ನಗುವವರೂ ಇದ್ದಾರೆ, ಬ್ರಹ್ಮಾಸ್ತ್ರವೆಂದು ಎಸೆಯುವವರೂ ಇದ್ದಾರೆ. ಎರಡೂ ಅವಸರ. ಅದು ಭವಿಷ್ಯದ ಬಗ್ಗೆ ಒಂದು ಊಹೆ. ಊಹೆಗೆ ಆಧಾರ ಕೇಳಬೇಕು. ನೆದರ್ಲೆಂಡ್ಸಿನಲ್ಲಿ 2002ರಿಂದ ದಯಾಮರಣದ ಕಾನೂನಿದೆ ಎಂದು ಉದಾಹರಣೆ ಕೊಡುವವರು, ಅಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟಲು ಯಾರೂ ಜಮೀನು ಮಾರುವುದಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಮಾರುತ್ತಾರೆ. ಐಸಿಯುವಿನ ಹೊರಗೆ ಬೆಂಚಿನ ಮೇಲೆ ಕೂತ ಮಗನ ತಲೆಯಲ್ಲಿ ಅಪ್ಪನ ನೋವು, ದಿನದ ಬಿಲ್ಲು, ತಂಗಿಯ ಮದುವೆ, ಅಣ್ಣ ಏನಂದುಕೊಂಡಾನೋ ಎಂಬ ಅಳುಕು ಎಲ್ಲ ಒಟ್ಟಿಗೇ ಸುತ್ತುತ್ತಿರುತ್ತವೆ. ‘ಮನೆಗೆ ಕರ್ಕೊಂಡು ಹೋಗಿ’ ಎಂದು ಡಾಕ್ಟರು ಹೇಳುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಆಗುತ್ತಿದ್ದೇವೆ ಎಂದು ಬರೆದ ಕಾಗದಕ್ಕೆ ಮನೆಯವರ ಸಹಿ ಬೀಳುತ್ತದೆ. ದಾರಿಯಲ್ಲೋ ಮನೆ ತಲುಪಿದ ಮೇಲೋ ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಹೈಕೋರ್ಟೂ ಇಲ್ಲ, ಮೂವರು ವೈದ್ಯರ ತಂಡವೂ ಇಲ್ಲ, ರೇಚಲ್ಸನೂ ಇಲ್ಲ. ಸಾಯಲು ಬಿಡುವುದು ನಮ್ಮಲ್ಲಿ ಆಗಲೇ ನಡೆಯುತ್ತಿದೆ. ನಡೆಯುತ್ತಿಲ್ಲದ್ದು ಅದರ ಬಗ್ಗೆ ಬಾಯಿಬಿಟ್ಟು ಯೋಚಿಸುವುದು.

ಹೀಗೆ ಒಂದರಿಂದ ಇನ್ನೊಂದಕ್ಕೆ ಜಾರಿಹೋಗುತ್ತೇವೆ ಎಂಬ ಭಯ ಇರುವವರು ಮೊದಲು ನೋಡಬೇಕಾದದ್ದು ಈ ಡಿಸ್ಚಾರ್ಜ್ ಕಾಗದವನ್ನು ಎನ್ನುವುದು ನನ್ನ ಅನಿಸಿಕೆ. ಯಾರೂ ಪ್ರಶ್ನೆ ಕೇಳದ ಕಡೆ ಜಾರುವುದು ಹೆಚ್ಚೋ, ಪ್ರಶ್ನೆ ಕೇಳುವ ಕಡೆ ಹೆಚ್ಚೋ?

ಕಾನೂನಂತೂ ಮುಂದಕ್ಕೆ ಹೋಗಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು, ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಉಯಿಲು ಬರೆದಿಡುವುದನ್ನು ಮಾನ್ಯ ಮಾಡಿತು. ಅದರ ಕ್ರಮ ತೀರಾ ತೊಡಕಾಗಿದೆ ಎಂದು 2023ರ ಜನವರಿಯಲ್ಲಿ ಸರಳಗೊಳಿಸಿತು. 2025ರ ಜನವರಿ ಕೊನೆಗೆ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ನಮ್ಮ ಪರವಾಗಿ ತೀರ್ಮಾನಿಸುವವರ ಹೆಸರು, ಇಷ್ಟು ಬೇಕು. ಸಾಕ್ಷಿ ಸಿಗುತ್ತಾರೆ, ನೋಟರಿ ಸಿಗುತ್ತಾರೆ. ಹೆಸರು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ನನ್ನನ್ನು ಹೆಚ್ಚು ಪ್ರೀತಿಸುವವರನ್ನು ಬರೆಯಲೋ, ನನ್ನ ಮಾತನ್ನು ಹಾಗೇ ನಡೆಸುವವರನ್ನೋ? ಇಬ್ಬರೂ ಒಬ್ಬರೇ ಆಗಿದ್ದರೆ ನೀವು ಅದೃಷ್ಟವಂತರು.

ಇಷ್ಟೆಲ್ಲ ಹೇಳಿ ನನ್ನ ನಿಲುವು ಹೇಳದಿದ್ದರೆ ನಾನೂ ಭೀಷ್ಮನ ಸಾಲಿಗೆ ಸೇರುತ್ತೇನೆ. 2011ರ ಆದೇಶ ಸರಿ, ಅದಕ್ಕೆ ಕೊಟ್ಟ ಕಾರಣ ದುರ್ಬಲ ಎಂಬುದು ನನ್ನ ಅಭಿಪ್ರಾಯ. ನರ್ಸುಗಳ ಪ್ರೀತಿಯಿಂದ ಅರುಣಾರ ಇಷ್ಟ ಏನೆಂದು ಸಿದ್ಧವಾಗುವುದಿಲ್ಲ. ಆದರೆ ಆಕೆಯ ಇಷ್ಟ ಯಾರಿಗೂ ಗೊತ್ತಿಲ್ಲದಿದ್ದಾಗ, ತಿದ್ದಲಾಗದ ಕೆಲಸಕ್ಕಿಂತ ತಿದ್ದಬಹುದಾದ ಕೆಲಸ ಮೇಲು. ತುತ್ತು ಮುಂದುವರಿಸಿದ್ದು ತಪ್ಪೆಂದು ತಿಳಿದರೆ ನಾಳೆ ನಿಲ್ಲಿಸಬಹುದು. ನಿಲ್ಲಿಸಿದ್ದು ತಪ್ಪೆಂದು ತಿಳಿದರೆ ಏನೂ ಮಾಡುವ ಹಾಗಿಲ್ಲ.

ಈ ವಾದ ಒಂದು ವರ್ಷಕ್ಕೆ ಗಟ್ಟಿ, ಐದು ವರ್ಷಕ್ಕೂ ಗಟ್ಟಿ. ನಲವತ್ತು ವರ್ಷ ‘ನಾಳೆ ತಿದ್ದಬಹುದು’ ಎನ್ನುತ್ತ ಹೋದರೆ, ಕಳೆದ ಆ ನಲವತ್ತು ವರ್ಷವನ್ನು ತಿದ್ದುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕೇಳಿದರೆ ನನ್ನ ವಾದ ತೆಳ್ಳಗಾಗುವುದು ಅಲ್ಲೇ. ನನ್ನನ್ನು ಒಪ್ಪದ ಕೇಳುಗರು ಶುರು ಮಾಡಬೇಕಾದದ್ದೂ ಅಲ್ಲಿಂದಲೇ.